ಅನುಮಾನಕ್ಕೆ ತಾರೀಖು ಬೇಕಿಲ್ಲ, ಬಂಧನಕ್ಕೆ ಬೇಕು



ಸ್ವಲ್ಪ ಉದ್ದದ ಪೋಸ್ಟ್ ಇದು. ಪುರಸೊತ್ತು ಇದ್ದಾಗ ಪೂರ್ತಿ ಓದ್ರಿ. ಅರ್ಧ ಓದಿ ಜಗಳಕ್ಕ ಬರಬ್ಯಾಡ್ರಿ, ಪೂರ್ತಿ ಓದಿ ಬರ್ರಿ.

ದೇಶದಲ್ಲಿ ಎಲ್ಲಾದರೂ ಬಾಂಬ್ ಸಿಡಿದ ಸುದ್ದಿ ಬಂದರೆ ನಮ್ಮ ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣದ ಕಡೆ ಒಂದು ತಾಸಿನೊಳಗೆ ಎರಡು ಕೆಲಸ ಶುರು ಆಗ್ತಾವ. ಒಂದು, ವಾಟ್ಸ್ಯಾಪ್ ಗ್ರೂಪಿನಾಗ "ಎಚ್ಚರ" ಅಂತ ಫಾರ್ವರ್ಡ್ ಬರ್ತದ. ಎರಡು, ಊರಿಗೆ ವ್ಯಾಪಾರಕ್ಕೆ ಬಂದ ಯಾರೋ ಬಡ ಮುಸ್ಲಿಂ ಹುಡುಗನ ಆಧಾರ್ ಕಾರ್ಡು ಕೇಳಲಕತ್ತಾರ. ಕೇಳುವವರು ಪೊಲೀಸರಲ್ಲ, ನಮ್ಮವರೇ. ಎಷ್ಟೋ ಸಲ ನೀಲಿ ಶಾಲು ಹಾಕಿದ ನಮ್ಮ ಹುಡುಗರೂ ಅದರಾಗ ಇರ್ತಾರ. ಅದಕ್ಕೇ ಇದನ್ನು ಬರೀಲಿಕ್ಕೆ ಕೂತೀನಿ.

ಮೊದಲೇ ಒಂದು ಮಾತು ಸಾಫ್ ಹೇಳ್ತೀನಿ. ಭಯೋತ್ಪಾದನೆ ಸುಳ್ಳಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು, ಅದರಲ್ಲಿ ನಮ್ಮ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಊಟಕ್ಕೆ ಬಂದವರ ನಡುವೆ ಬಾಂಬ್ ಇಟ್ಟರು. 2013ರ ಫೆಬ್ರವರಿ 21ರಂದು ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಸಂಜೆ ಹೊತ್ತು ಬಸ್ಸಿಗೆ ನಿಂತ ಜನ ಸತ್ತರು. ನಮ್ಮ ಕಡೆಯಿಂದ ಹೈದರಾಬಾದಿಗೆ ದುಡಿಯಲಿಕ್ಕೆ ಹೋದವರು ಎಷ್ಟು ಮಂದಿ ಇದ್ದಾರ, ನಿಮಗೇ ಗೊತ್ತು. ಬಾಂಬಿಗೆ ಜಾತಿ ಗೊತ್ತಾಗಲ್ಲ, ಬಸ್‌ಸ್ಟ್ಯಾಂಡಿನಾಗ ನಿಲ್ಲೋದು ಬಡವರೇ. ಹಾಗಾಗಿ ಪೊಲೀಸರು ಗಟ್ಟಿಯಾಗಿ ಕೆಲಸ ಮಾಡಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಗಟ್ಟಿಯಾಗಿ ಕೆಲಸ ಮಾಡೋದು ಬೇರೆ, ಕೈಗೆ ಸಿಕ್ಕವನನ್ನು ಹಿಡಿಯೋದು ಬೇರೆ. ಈ ಎರಡರ ನಡುವಿನ ಅಂತರ ತಿಳೀಬೇಕಾದರೆ ದೂರ ಹೋಗೋದು ಬ್ಯಾಡ, ನಮ್ಮ ಪಕ್ಕದ ಕಲಬುರಗಿಗೆ ಹೋದರೆ ಸಾಕು.

ಕಲಬುರಗಿಯ ನಿಸಾರುದ್ದೀನ್ ಅಹಮದ್ ಹೆಸರು ನಮ್ಮ ಹೊಸ ಹುಡುಗರಿಗೆ ಗೊತ್ತಿಲ್ಲ. 1994ರಲ್ಲಿ ಅವರು ಫಾರ್ಮಸಿ ಓದುತ್ತಿದ್ದ 20ರ ಆಸುಪಾಸಿನ ಹುಡುಗ. 1993ರ ಡಿಸೆಂಬರ್ 5 ಮತ್ತು 6ರಂದು, ಬಾಬರಿ ಮಸೀದಿ ಕೆಡವಿದ ಮೊದಲ ವರ್ಷಕ್ಕೆ, ಬೇರೆ ಬೇರೆ ರೈಲುಗಳಲ್ಲಿ ಬಾಂಬ್ ಸಿಡಿದಿದ್ದವು. ಆ ಕೇಸಿನಲ್ಲಿ ಹೈದರಾಬಾದ್ ಪೊಲೀಸರು ಬಂದು ಇವರನ್ನು ಎತ್ತಿಕೊಂಡು ಹೋದರು. ಆಮೇಲೆ ಅಣ್ಣನನ್ನೂ ಹಿಡಿದರು. ಟಾಡಾ ಕಾಯ್ದೆ ಹಾಕಿದರು. ಅಜ್ಮೇರದ ಟಾಡಾ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಅಣ್ಣ 2008ರಲ್ಲಿ ಕಾಯಿಲೆ ಕಾರಣಕ್ಕೆ ಹೊರಗೆ ಬಂದರು. ಮಕ್ಕಳ ಕೇಸಿಗೆ ಓಡಾಡಿದ ತಂದೆ ಅಷ್ಟೊತ್ತಿಗೆ ತೀರಿಹೋಗಿದ್ದರು. 2016ರ ಮೇ 11ರಂದು ಸುಪ್ರೀಂ ಕೋರ್ಟು ನಿಸಾರರನ್ನು ಬಿಡುಗಡೆ ಮಾಡಿ ಅಂತ ಹೇಳಿತು. ಜೈಪುರದ ಜೈಲಿನಿಂದ ಹೊರಬಂದಾಗ ಅವರ ವಯಸ್ಸು 40 ದಾಟಿತ್ತು. ಒಳಗೆ ಕಳೆದದ್ದು 22 ವರ್ಷಕ್ಕೂ ಹೆಚ್ಚು. ಕೇಸು ನಿಂತಿದ್ದು ಮುಖ್ಯವಾಗಿ ಪೊಲೀಸರ ವಶದಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆ ಮೇಲೆ.

ನಾನು ಆಫೀಸಿನಾಗ ಗುಮಾಸ್ತ. ಬೆಳಗಿನಿಂದ ಸಂಜೆತನಕ ನನ್ನ ಕೆಲಸ ಕಾಗದದ್ದು. ಆವಕ ಜಾವಕ ವಹಿಯಲ್ಲಿ ಒಂದು ಅರ್ಜಿ ಬಂದ ತಾರೀಖು ತಪ್ಪಿದರೆ ನನಗೆ ನೋಟೀಸು ಬರ್ತದ. ಹಾಗಾಗಿ ನಿಸಾರರ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಒಂದು ತಾರೀಖಿನ ಸಂಗತಿ. ಬಿಡುಗಡೆ ಆದ ಮೇಲೆ ಅವರು ಪತ್ರಿಕೆಗೆ ಹೇಳಿದ ಪ್ರಕಾರ ಅವರನ್ನು ಹಿಡಿದದ್ದು 1994ರ ಜನವರಿ 15. ಕೋರ್ಟಿನ ಮುಂದೆ ತಂದದ್ದು ಫೆಬ್ರವರಿ 28. ಲೆಕ್ಕ ಹಾಕ್ರಿ, 44 ದಿನ. 24 ತಾಸಿನೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು ಅನ್ನೋದು ಸಂವಿಧಾನದ 22ನೇ ವಿಧಿ. ಆ 44 ದಿನ ಒಬ್ಬ ಮನುಷ್ಯ ಯಾವ ವಹಿಯಲ್ಲೂ ಇರಲಿಲ್ಲ. ವಹಿಯಲ್ಲಿ ಇಲ್ಲದ ಮನುಷ್ಯನನ್ನು ಏನು ಮಾಡಿದರೂ ಕೇಳೋರಿಲ್ಲ. ತಪ್ಪೊಪ್ಪಿಗೆ ಹುಟ್ಟೋದು ಅಂಥ ದಿನಗಳಲ್ಲೇ.

ಆ 22ನೇ ವಿಧಿ ಎಲ್ಲಿಂದ ಬಂತು ಅಂತ ನಮ್ಮವರು ತಿಳಕೋಬೇಕು. ಸಂವಿಧಾನ ಸಭೆಯಲ್ಲಿ ಜೀವ ಮತ್ತು ಸ್ವಾತಂತ್ರ್ಯದ ವಿಧಿಯಿಂದ ನ್ಯಾಯಯುತ ಪ್ರಕ್ರಿಯೆ ಅನ್ನುವ ಗಟ್ಟಿ ಮಾತನ್ನು ತೆಗೆದು, "ಕಾನೂನು ಹೇಳಿದ ಪ್ರಕ್ರಿಯೆ" ಅಂತ ಮಾತ್ರ ಉಳಿಸಿದರು. ಅದರಿಂದ ಬಹಳ ಸದಸ್ಯರಿಗೆ ಸಮಾಧಾನ ಆಗಿರಲಿಲ್ಲ. 1949ರ ಸೆಪ್ಟೆಂಬರ್ 15ರಂದು ಬಾಬಾಸಾಹೇಬರೇ ಎದ್ದು ಹೊಸ ವಿಧಿಯೊಂದನ್ನು ಮಂಡಿಸಿದರು. ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲಿಕ್ಕೆ ಬಿಡಬೇಕು, 24 ತಾಸಿನೊಳಗೆ ಕೋರ್ಟಿಗೆ ತರಬೇಕು. ಹಿಂದೆ ಕಳೆದುಕೊಂಡದ್ದನ್ನು ಇದರಿಂದ ಸ್ವಲ್ಪ ತುಂಬಿಕೊಡ್ತೀವಿ ಅನ್ನೋದು ಅವರ ಮಾತಿನ ಅರ್ಥ. ಅಂದರೆ ಈ 24 ತಾಸು ಅನ್ನೋದು ಯಾರೋ ವಕೀಲರು ಕಂಡುಹಿಡಿದ ತಾಂತ್ರಿಕ ನೆಪ ಅಲ್ಲ. ಅದು ಬಾಬಾಸಾಹೇಬರು ಕೈಯಾರೆ ಇಟ್ಟ ಕಾವಲು. ಏಪ್ರಿಲ್ 14ಕ್ಕೆ ಮೆರವಣಿಗೆ ಮಾಡಿ, ಏಪ್ರಿಲ್ 23ಕ್ಕೆ "ಇಂಥೋರಿಗೆ ಕೋರ್ಟು ಯಾಕ" ಅಂತ ಸ್ಟೇಟಸ್ ಹಾಕಿದರೆ ಆ ಮೆರವಣಿಗೆಗೆ ಅರ್ಥ ಇಲ್ಲ.

"ಒಂದು ಕೇಸು ಹಿಡಕೊಂಡು ಎಷ್ಟು ದಿನ ಮಾತಾಡ್ತಿ ಅಣ್ಣಾ" ಅಂತ ಕೇಳ್ತೀರಿ. ಒಂದೇ ಅಲ್ಲ.

ಹುಬ್ಬಳ್ಳಿಯಲ್ಲಿ 2008ರಲ್ಲಿ ಸಿಮಿ ಸಂಚು ಅಂತ ದೊಡ್ಡ ಕೇಸಾಯಿತು. ಹಿಡಿದವರಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿದ್ದರು. 2015ರ ಏಪ್ರಿಲಿನಲ್ಲಿ ಹುಬ್ಬಳ್ಳಿ ಕೋರ್ಟು 17 ಮಂದಿಯನ್ನು ಖುಲಾಸೆ ಮಾಡಿತು. ಏಳು ವರ್ಷ.

2012ರ ಆಗಸ್ಟಿನಲ್ಲಿ ಬೆಂಗಳೂರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಒಬ್ಬ ಯುವ ವರದಿಗಾರನನ್ನು ಹಿಡಿದರು. ಟಿವಿಗಳು ಅವನನ್ನೇ ಸೂತ್ರಧಾರ ಅಂತ ಕೂಗಿದವು. ಆರು ತಿಂಗಳಾದ ಮೇಲೆ ಎನ್‌ಐಎ ಆರೋಪಪಟ್ಟಿ ಹಾಕಿದಾಗ ಅವನ ಹೆಸರೇ ಇರಲಿಲ್ಲ, 2013ರ ಫೆಬ್ರವರಿಯಲ್ಲಿ ಬಿಡುಗಡೆ ಆದ. ಇಲ್ಲಿ ಇನ್ನೊಂದು ಮಾತು ಹೇಳಬೇಕು. ಅದೇ ಕೇಸಿನಲ್ಲಿ ಬೇರೆ 13 ಜನ ಮುಂದೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದರು. ಅಂದರೆ ಕೇಸು ಖರೇ ಇದ್ದರೂ ಅದರಾಗ ಸಿಕ್ಕವರೆಲ್ಲ ಅಪರಾಧಿಗಳಲ್ಲ. ಅದನ್ನು ಬೇರ್ಪಡಿಸಲಿಕ್ಕೇ ತನಿಖೆ ಅಂತ ಇರೋದು.

ಹೈದರಾಬಾದಿನ ಎರಡು ಕೇಸು ಪಕ್ಕಪಕ್ಕ ಇಟ್ಟು ನೋಡ್ರಿ. 2007ರ ಮೇ 18ರಂದು ಮಕ್ಕಾ ಮಸೀದಿಯಲ್ಲಿ ಶುಕ್ರವಾರದ ನಮಾಜಿನ ಹೊತ್ತು ಬಾಂಬ್ ಸಿಡಿಯಿತು. ಸತ್ತವರು ಮುಸ್ಲಿಮರು, ಮರುಗಳಿಗೆಯಿಂದ ಪೊಲೀಸರು ಹಿಡಿದು ತಂದದ್ದೂ ಹಳೇ ಪಟ್ಟಣದ ಮುಸ್ಲಿಂ ಹುಡುಗರನ್ನೇ. ಅವರಿಗೆ ಚಿತ್ರಹಿಂಸೆ ಕೊಟ್ಟದ್ದು ಅಲ್ಪಸಂಖ್ಯಾತರ ಆಯೋಗದ ವಿಚಾರಣೆಯಲ್ಲೇ ಹೊರಗೆ ಬಂತು. ಸರ್ಕಾರ ಸುಮಾರು 70 ಹುಡುಗರಿಗೆ ಪರಿಹಾರ ಕೊಟ್ಟಿತು, 2013ರಲ್ಲಿ ಹೈಕೋರ್ಟು ಆ ಪರಿಹಾರವನ್ನೂ ರದ್ದು ಮಾಡಿತು. ಆಮೇಲೆ ತನಿಖೆ ಬೇರೆ ದಿಕ್ಕಿಗೆ ತಿರುಗಿ ಬಲಪಂಥೀಯ ಸಂಘಟನೆಗಳ ನಂಟಿನವರ ಮೇಲೆ ಕೇಸಾಯಿತು. 2018ರ ಏಪ್ರಿಲ್ 16ರಂದು ಅವರೂ ಖುಲಾಸೆ. ಹಂಗಾದರೆ ಆ ಬಾಂಬ್ ಇಟ್ಟವರು ಯಾರು? ಸತ್ತವರ ಮನೆಯವರಿಗೆ ಇವತ್ತಿಗೂ ಉತ್ತರ ಇಲ್ಲ. ಅದೇ ಊರಿನ ದಿಲ್‌ಸುಖ್‌ನಗರದ ಕೇಸಿನಲ್ಲಿ ಸಾಕ್ಷ್ಯ ಕೂಡಿಸಿ ಕೋರ್ಟಿನ ಮುಂದೆ ಇಟ್ಟರು, 2016ರಲ್ಲಿ ವಿಶೇಷ ಕೋರ್ಟು ಐವರು ಅಪರಾಧಿಗಳು ಅಂತ ತೀರ್ಪು ಕೊಟ್ಟಿತು.

ಮೊದಲ ದಿನವೇ ತಪ್ಪು ಮನುಷ್ಯನನ್ನು ಹಿಡಿದರೆ ಎರಡು ಅನ್ಯಾಯ ಒಮ್ಮೆಗೇ ಆಗ್ತಾವ. ನಿರಪರಾಧಿ ಒಳಗ, ಅಪರಾಧಿ ಹೊರಗ. ಇದನ್ನು ನಮಗೆ ಯಾರೂ ಕಲಿಸಬೇಕಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಮಂದಿಯನ್ನು ಮನೆಯೊಳಗೆ ಹಾಕಿ ಸುಟ್ಟರು. ಯಾರಿಗೂ ಶಿಕ್ಷೆ ಆಗಲಿಲ್ಲ, ಎಲ್ಲರೂ ಖುಲಾಸೆ. ತನಿಖೆ ಸಡಿಲಾದರೆ ಏನಾಗ್ತದ ಅಂತ ಮುಸ್ಲಿಮರಿಗಿಂತ ಮೊದಲು ಕಲಿತವರು ನಾವು. ಪೊಲೀಸರ ತನಿಖೆ ಸುಧಾರಿಸಬೇಕು ಅನ್ನೋದು ಯಾವುದೋ ಒಂದು ಸಮುದಾಯದ ಬೇಡಿಕೆ ಅಲ್ಲ, ಮೊದಲು ನಮ್ಮ ಬೇಡಿಕೆ.

ಪೊಲೀಸರಿಗೆ ಬರಲ್ಲ ಅಂತೇನಿಲ್ಲ. ನಮ್ಮ ರಾಜ್ಯದ ಪೊಲೀಸರೇ ಮಾಡಿ ತೋರಿಸ್ಯಾರ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಕೊಂದಾಗ ಎಷ್ಟು ಒತ್ತಡ ಇತ್ತು ನೆನಪದ ಏನ್ರಿ? ಎಸ್‌ಐಟಿಯವರು ತಿಂಗಳುಗಟ್ಟಲೆ ಬೈಸಿಕೊಂಡರೂ ಯಾರೋ ಒಬ್ಬನನ್ನು ಹಿಡಿದು ಟಿವಿ ಮುಂದೆ ನಿಲ್ಲಿಸಲಿಲ್ಲ. ಗುಂಡು, ಪಿಸ್ತೂಲಿನ ಗುರುತು ಹಿಡಿದು, 2015ರ ಕಲಬುರ್ಗಿ ಸರ್ ಹತ್ಯೆಗೂ ಇದಕ್ಕೂ ಇರುವ ನಂಟು ಹುಡುಕಿ, ಒಂದೊಂದೇ ಎಳೆ ಬಿಡಿಸಿದರು. ಅದು ತನಿಖೆ. ಆ ಕೇಸಿನ ಆರೋಪಿಗಳಿಗೆ ವಿಚಾರಣೆ ತಡ ಆದ ಕಾರಣಕ್ಕೆ ಜಾಮೀನು ಸಿಕ್ಕಿತು. ನಮಗೆ ಸಂಕಟ ಆಯ್ತು, ಖರೇ. ಆದರೂ ಜಾಮೀನು ಅವರ ಹಕ್ಕು ಅಂತ ನಾನು ಹೇಳ್ತೀನಿ. ಹೊರಗೆ ಬಂದವರಿಗೆ ಹಾರ ಹಾಕಿದ್ದು ಮಾತ್ರ ನಾಚಿಕೆಗೇಡು. ಅಳತೆ ಎಲ್ಲರಿಗೂ ಒಂದೇ ಇರಬೇಕು, ಇಲ್ಲಾಂದರೆ ಅದು ಅಳತೆನೇ ಅಲ್ಲ.

ಈಗ "ದಲಿತನಾಗಿ ನಿನಗ್ಯಾಕ ಇದರ ಉಸಾಬರಿ" ಅನ್ನುವವರಿಗೆ.

ನಮ್ಮ ಅಪ್ಪಂದಿರ ಕಾಲದಲ್ಲಿ ಊರಾಗ ಕಳವಾದರೆ ಪೊಲೀಸರು ಮೊದಲು ಬರ್ತಿದ್ದದ್ದು ಎಲ್ಲಿಗೆ? ನಮ್ಮ ಕೇರಿಗೆ. ಗೌಡರ ಮನೆ ಕಣದಾಗ ತೊಗರಿ ಚೀಲ ಕಾಣದಿದ್ದರೆ ಕೇರಿಯ ನಾಲ್ಕು ಮಂದಿಯನ್ನು ಠಾಣೆಗೆ ಕರೆದೊಯ್ದು ಕೂಡಿಸೋದು, ಸಂಜೆಗೆ ಬಿಡೋದು. ಸಾಕ್ಷಿ ಬ್ಯಾಡ, ದೂರಿನಲ್ಲಿ ಹೆಸರು ಬ್ಯಾಡ, ಹುಟ್ಟಿದ ಕೇರಿ ಸಾಕು. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಇಡೀ ಬುಡಕಟ್ಟುಗಳನ್ನು ಹುಟ್ಟಾ ಕಳ್ಳರು ಅಂತ ವಹಿಯಲ್ಲಿ ಬರೆದರು. ಸ್ವಾತಂತ್ರ್ಯ ಬಂದ ಮೇಲೆ ಆ ಕಾಯ್ದೆ ಹೋಯ್ತು, ಆ ನೋಟ ಹೋಗಲಿಲ್ಲ. ಇವತ್ತು ಅದೇ ನೋಟ ಗಡ್ಡ, ಟೋಪಿ, ಬುರ್ಖಾ ಮೇಲೆ ಬಿದ್ದದ. ನಾಳೆ ತಿರುಗಿ ನಮ್ಮ ಮೇಲೆ ಬೀಳಲ್ಲ ಅಂತ ಯಾರು ಬರೆದುಕೊಡ್ತಾರ?

ಬಿದ್ದೂ ಆಗ್ಯದ. ವಿಠಲ ಮಲೆಕುಡಿಯ ಅವರನ್ನು ನೆನಪು ಮಾಡಿಕೊಳ್ರಿ. ಮಂಗಳೂರಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಆದಿವಾಸಿ ಹುಡುಗ. 2012ರ ಮಾರ್ಚಿನಲ್ಲಿ ಮಾವೋವಾದಿ ನಂಟು ಅಂತ ಅಪ್ಪ ಮಗ ಇಬ್ಬರ ಮೇಲೂ ಯುಎಪಿಎ ಹಾಕಿದರು. ಸಾಕ್ಷ್ಯ ಅಂತ ಮನೆಯಿಂದ ತಂದದ್ದರಲ್ಲಿ ಭಗತ್ ಸಿಂಗ್ ಪುಸ್ತಕ, ಪತ್ರಿಕೆ ತುಣುಕು, ಚಹಾಪುಡಿ, ಸಕ್ಕರೆ ಇದ್ದವು. 2021ರ ಅಕ್ಟೋಬರ್ 21ರಂದು ಖುಲಾಸೆ. ಒಂಬತ್ತೂವರೆ ವರ್ಷ ಹೋಯ್ತು. ಆನಂದ್ ತೇಲ್ತುಂಬ್ಡೆ ಅವರು 2020ರ ಏಪ್ರಿಲ್ 14ರಂದೇ, ಬಾಬಾಸಾಹೇಬರ ಜಯಂತಿ ದಿನವೇ, ಭೀಮಾ ಕೋರೆಗಾಂವ್ ಕೇಸಿನಲ್ಲಿ ಎನ್‌ಐಎ ಮುಂದೆ ಶರಣಾಗಬೇಕಾಯಿತು. ಜಾಮೀನಿನ ಮೇಲೆ ಹೊರಗೆ ಬಂದದ್ದು 2022ರ ನವೆಂಬರಿನಲ್ಲಿ. ಬಾಬಾಸಾಹೇಬರ ಮೊಮ್ಮಗಳ ಗಂಡನಿಗೆ ಇದಾಗೋದಾದರೆ, ಚಿಟಗುಪ್ಪದ ಓಣಿಯಲ್ಲಿ ಪೋಸ್ಟರ್ ಅಂಟಿಸುವ ಹುಡುಗನಿಗೆ ಆಗಲಿಕ್ಕೆ ಎಷ್ಟೊತ್ತು?

ಇನ್ನೊಂದು ವಿಚಿತ್ರ ನೋಡ್ರಿ. ನಮ್ಮ ಹೆಣ್ಣುಮಗಳ ಮೇಲೆ ದೌರ್ಜನ್ಯ ಆಗಿ ಠಾಣೆಗೆ ಹೋದರೆ "ಕೂಡ್ರಿ, ವಿಚಾರ ಮಾಡ್ತೀವಿ, ಎದುರಿನವರನ್ನೂ ಕರೆಸ್ತೀವಿ" ಅಂತಾರ. 2018ರ ಮಾರ್ಚ್ 20ರ ತೀರ್ಪಿನಲ್ಲಿ ಅಟ್ರಾಸಿಟಿ ಕೇಸಿಗೆ ಮೊದಲು ಪ್ರಾಥಮಿಕ ವಿಚಾರಣೆ, ಬಂಧನಕ್ಕೆ ಪೂರ್ವಾನುಮತಿ ಅಂತ ಬಂದಾಗ ಏಪ್ರಿಲ್ 2ರಂದು ಭಾರತ್ ಬಂದ್ ಮಾಡಿದ್ದೆವು. ಕಾಯ್ದೆ ತಿದ್ದುಪಡಿ ಆಯ್ತು, ಕೋರ್ಟೂ ಆ ಸೂಚನೆಗಳನ್ನು ಹಿಂದೆ ತಗೊಂಡಿತು. ಎಫ್‌ಐಆರ್ ಮಾಡೋದರಲ್ಲಿ ತಡ ಬ್ಯಾಡ ಅಂತ ನಾವು ಕೇಳಿದ್ದು, ಸಾಕ್ಷಿ ಬ್ಯಾಡ ಅಂತಲ್ಲ. ದೂರು ಕೊಟ್ಟ ನಮಗೆ ನೂರು ಪ್ರಶ್ನೆ ಕೇಳುವ ವ್ಯವಸ್ಥೆ, ಬಡ ಮುಸ್ಲಿಂ ಹುಡುಗನನ್ನು ಎತ್ತಿಕೊಂಡು ಹೋಗುವಾಗ ಒಂದು ಪ್ರಶ್ನೆನೂ ಕೇಳಿಕೊಳ್ಳಲ್ಲ. ಎರಡೂ ಒಂದೇ ರೋಗ.

ಇಷ್ಟೊತ್ತು ಪೊಲೀಸರ ಮಾತಾಯ್ತು. ಈಗ ನಮ್ಮ ಮಾತು. ಇದೇ ಹೆಚ್ಚು ಕಷ್ಟದ್ದು.

2018ರ ಜುಲೈ 13, ನಮ್ಮದೇ ಬೀದರ್ ಜಿಲ್ಲೆ, ಔರಾದ್ ಕಡೆಯ ಮುರ್ಕಿ ಗ್ರಾಮ. ಹೈದರಾಬಾದಿನಿಂದ ಬಂದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕ್ಲೇಟು ಕೊಟ್ಟಿತು. ಮಕ್ಕಳ ಕಳ್ಳರು ಅಂತ ವಾಟ್ಸ್ಯಾಪಿನಲ್ಲಿ ಹರಿಬಿಟ್ಟರು. ಅವರ ಕಾರು ಮುರ್ಕಿ ಮುಟ್ಟೋದರೊಳಗೆ ಸುದ್ದಿ ಮೊದಲು ಮುಟ್ಟಿತ್ತು. ಜನ ಸೇರಿ ಹೊಡೆದರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ, ಉಳಿದವರು ಗಂಭೀರ ಗಾಯಗೊಂಡರು. ಅವತ್ತು ಅವರನ್ನು ಉಳಿಸಲಿಕ್ಕೆ ಗುಂಪಿನ ನಡುವೆ ನುಗ್ಗಿ ತಾವೂ ಏಟು ತಿಂದವರು ಪೊಲೀಸರು. ಆ ಪೇದೆಗಳಿಗೆ ನನ್ನ ಸಲಾಂ. ಆದರೆ ಕೊಂದದ್ದು ಯಾರು? ದಿನಾ ಹೊಲಕ್ಕೆ ಹೋಗುವ, ಸಂತೆಗೆ ಬರುವ, ನಮ್ಮಂಥ ಜನ. ವಾಟ್ಸ್ಯಾಪ್ ಗ್ರೂಪಿನ ಅಡ್ಮಿನ್ ಸೇರಿ ಮೂವತ್ತರ ಆಸುಪಾಸು ಜನ ಜೈಲಿಗೆ ಹೋದರು. ಅವರ ಹೆಂಡತಿ ಮಕ್ಕಳ ಗತಿ ಏನಾಗಿರಬೇಕು, ನೀವೇ ಊಹಿಸಿಕೊಳ್ರಿ.

ಪಹಲ್ಗಾಮ್ ಆದ ಐದನೇ ದಿನ, 2025ರ ಏಪ್ರಿಲ್ 27ರಂದು, ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಆಟದ ಮೈದಾನದಾಗ ಕೇರಳದ ಒಬ್ಬ ಬಡ ಮುಸ್ಲಿಂ ಯುವಕನನ್ನು ಹೊಡೆದು ಕೊಂದರು. ಗುಜರಿ ಆರಿಸುವವನು, ಮಾನಸಿಕವಾಗಿ ಅಸ್ವಸ್ಥ ಅಂತ ಮನೆಯವರು ಹೇಳಿದರು. ಪಾಕಿಸ್ತಾನದ ಪರ ಕೂಗಿದ ಅನ್ನೋದು ಹೊಡೆದವರ ಕಥೆ. ಕೂಗಿದ್ದನೇ ಅಂತ ಇಟ್ಟುಕೊಂಡರೂ ಕೊಲ್ಲಲಿಕ್ಕೆ ಯಾರು ಅಧಿಕಾರ ಕೊಟ್ಟರು? ಅಲ್ಲಿನ ಪೊಲೀಸರು ಮೊದಲು ಅದನ್ನು ಅಸಹಜ ಸಾವು ಅಂತ ಬರೆದುಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಏಟು ಗೊತ್ತಾಗಿ, ಜನ ದನಿ ಎತ್ತಿದ ಮೇಲೆ ಕೊಲೆ ಕೇಸಾಯಿತು. ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಮತ್ತೆ ನೋಡ್ರಿ, ಮೊದಲ ದಿನ ವಹಿಯಲ್ಲಿ ಏನು ಬರೆದರು ಅನ್ನೋದೇ ಎಲ್ಲ.

ಅದೇ ವಾರದಾಗ ನಮ್ಮ ಕಡೆಯ ಒಂದು ಹಳ್ಳಿಗೆ ಜಯಂತಿ ಕಾರ್ಯಕ್ರಮಕ್ಕೆ ಹೋಗಿದ್ದೆ. ಹಳ್ಳಿ ಹೆಸರು ಬ್ಯಾಡ. ಸೈಕಲ್ ಮೋಟರ್ ಮೇಲೆ ಚಾದರ ಮಾರುವ ಹುಡುಗನೊಬ್ಬನನ್ನು ಹತ್ತು ಹದಿನೈದು ಮಂದಿ ಸುತ್ತುಗಟ್ಟಿದ್ದರು. ಫೋನ್ ಕಸಿದುಕೊಂಡು ಒಳಗಿನ ಫೋಟೋ ನೋಡ್ಲಕತ್ತಿದ್ದರು. ಮೆರವಣಿಗೆಗೆ ಅಂತ ತಯಾರಾಗಿ ಬಂದ ನಮ್ಮ ಹುಡುಗರೂ ಅದರಾಗ ಇದ್ದರು. ನಾನು, ಇನ್ನಿಬ್ಬರು ಹೋಗಿ ಬಿಡ್ರಿ ಅಂದ್ವಿ. "ಸರ್, ದೇಶದ ಪ್ರಶ್ನೆ" ಅಂದ ಒಬ್ಬ. ಅಷ್ಟರಾಗ ಒಬ್ಬ ಮುದುಕಿ ಬಂದಳು. "ಏ ತಮ್ಮಾ, ಇವ ಹ್ವಾದ ವರ್ಷನೂ ಬಂದಿದ್ದ. ನನಗ ಚಾದರ ಉದ್ರಿ ಕೊಟ್ಟು ಹೋಗ್ಯಾನ. ರೊಕ್ಕ ಇಸಗೊಳ್ಳಾಕ ಬಂದಾನ, ಬಿಡೋ" ಅಂದಳು. ಹುಡುಗರು ಸಪ್ಪಗಾಗಿ ಫೋನ್ ವಾಪಸ್ ಕೊಟ್ಟರು. ಆಮೇಲೆ ಬಂದ ಪೊಲೀಸಪ್ಪ ಆಧಾರ್ ನೋಡಿದ, ಎಲ್ಲ ಸರಿ ಇತ್ತು. ಆದರೂ ಚಾದರದ ಹುಡುಗನಿಗೇ ಹೇಳಿದ: "ನಾಲ್ಕು ದಿನ ಈ ಕಡಿ ಬರಬ್ಯಾಡ." ಫೋನ್ ಕಸಿದವರಿಗೆ ಒಂದು ಮಾತೂ ಇಲ್ಲ.

ಆ ಪೊಲೀಸಪ್ಪ ಕೆಟ್ಟವನಲ್ಲ. ಹುಡುಗನ ಜೀವ ಉಳೀಲಿ ಅಂತಲೇ ಹೇಳಿರಬಹುದು. ಆದರೆ ಹಂಗ ಹೇಳಿದಾಗ ಅಲ್ಲಿದ್ದ ಹದಿನೈದು ಮಂದಿ ಕಲಿತದ್ದೇನು? ಅಡ್ಡಗಟ್ಟಿದರೆ ಏನೂ ಆಗಲ್ಲ, ಅಡ್ಡಗಟ್ಟಿಸಿಕೊಂಡವನೇ ಊರು ಬಿಡಬೇಕು ಅಂತ. ಮುಂದಿನ ಸಲ ಮುದುಕಿ ಬರೋದು ತಡ ಆದರೆ?

ನಮ್ಮ ಮಣ್ಣಿಗೆ ಈ ಪಾಠ ಹೊಸದಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲೂಕಿನ ಗೋರಟಾದಲ್ಲಿ ರಜಾಕಾರರು ಹಿಂದೂಗಳನ್ನು ಕೊಂದರು, ಅಲ್ಲಿ ಹುತಾತ್ಮರ ಸ್ಮಾರಕ ಅದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆದ ಮೇಲೆ ನಮ್ಮ ಬೀದರ್, ಕಲಬುರಗಿ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲೇ ಅತಿ ಹೆಚ್ಚು ಮುಸ್ಲಿಮರ ಹತ್ಯೆ ಆಯಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಅಂದಾಜು ಮಾಡಿತು. ಆ ವರದಿಯನ್ನು ದಶಕಗಳ ಕಾಲ ಹೊರಗೆ ಬಿಡಲಿಲ್ಲ. ರಜಾಕಾರ ಆಗಿದ್ದವನು ಯಾರು, ಬರೇ ಮುಸ್ಲಿಂ ಆಗಿದ್ದವನು ಯಾರು ಅಂತ ಗುಂಪು ನೋಡಲಿಲ್ಲ. ನಮ್ಮ ಊರುಗಳ ಹಿರಿಯರು ಎರಡೂ ಕಥೆ ಹೇಳ್ತಾರ. ನಾವು ಒಂದನ್ನೇ ಕೇಳಿಸಿಕೊಳ್ತೀವಿ.

2020ರ ಜನವರಿಯಲ್ಲಿ ಬೀದರಿನ ಒಂದು ಶಾಲೆಯಲ್ಲಿ ಮಕ್ಕಳು ಸಿಎಎ ಬಗ್ಗೆ ನಾಟಕ ಆಡಿದ್ದಕ್ಕೆ ದೇಶದ್ರೋಹದ ಕೇಸು ಹಾಕಿದ್ದು ಎಲ್ಲರಿಗೂ ಗೊತ್ತು. ಮುಖ್ಯ ಶಿಕ್ಷಕಿಯನ್ನೂ ಒಂದು ಮಗುವಿನ ತಾಯಿಯನ್ನೂ ಜೈಲಿಗೆ ಕಳಿಸಿದರು. ಪೊಲೀಸರು ಸಮವಸ್ತ್ರದಲ್ಲೇ ಹೋಗಿ ಸಣ್ಣ ಮಕ್ಕಳನ್ನು ಪ್ರಶ್ನೆ ಮಾಡಿದರು. ಅದು ಮಕ್ಕಳ ಹಕ್ಕಿನ ಉಲ್ಲಂಘನೆ ಅಂತ ಹೈಕೋರ್ಟೇ ಆಕ್ಷೇಪ ಎತ್ತಿತು. 2023ರ ಜೂನಿನಲ್ಲಿ ಕೇಸೇ ರದ್ದಾಯಿತು. ಮೂರೂವರೆ ವರ್ಷ ಒಂದು ನಾಟಕಕ್ಕೆ. ದೇಶದ ಭಯ ಅನ್ನೋದು ಮಕ್ಕಳ ಶಾಲೆತನಕ ಹ್ಯಾಂಗ ಬರ್ತದ ಅಂತ ನಮ್ಮ ಜಿಲ್ಲೆಯವರಿಗೆ ಬೇರೆ ಉದಾಹರಣೆ ಬೇಕಿಲ್ಲ.

"ಹಂಗಾದರ ಏನು ಮಾಡಬೇಕು, ಕೈಕಟ್ಟಿ ಕೂಡಬೇಕಾ" ಅಂತ ಕೇಳ್ತೀರಿ. ಬ್ಯಾಡ. ಮಾಡಲಿಕ್ಕೆ ಬಹಳ ಅದ. ನನ್ನ ಗುಮಾಸ್ತನ ಬುದ್ಧಿಗೆ ತಿಳಿದಷ್ಟು ಹೇಳ್ತೀನಿ, ಬರೆದಿಟ್ಟುಕೊಳ್ರಿ.

1. ಅನುಮಾನ ಬಂದರೆ 112ಕ್ಕೆ ಫೋನ್ ಮಾಡ್ರಿ, ಅಷ್ಟಕ್ಕೇ ನಿಲ್ಲಸ್ರಿ. ಯಾರದೋ ಫೋನ್, ಚೀಲ, ಆಧಾರ್ ತಪಾಸಣೆ ಮಾಡುವ ಅಧಿಕಾರ ನಮಗಿಲ್ಲ. ಕಣ್ಣೆದುರಿಗೇ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಮನುಷ್ಯ ಹಿಡಿಯಬಹುದು, ಆದರೆ ತಡ ಮಾಡದೆ, ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು ಅಂತ ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳ್ತದ. ಹೊಡೆಯಲಿಕ್ಕೆ ಎಲ್ಲೂ ಹೇಳಿಲ್ಲ.

2. ಐದು ಜನ ಅಥವಾ ಅದಕ್ಕಿಂತ ಹೆಚ್ಚು ಸೇರಿ ಜಾತಿ, ಜನಾಂಗ, ಭಾಷೆಯಂಥ ಕಾರಣಕ್ಕೆ ಕೊಂದರೆ ಹೊಸ ನ್ಯಾಯ ಸಂಹಿತೆಯಲ್ಲಿ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಅದ. ಫಾರ್ವರ್ಡ್ ಮಾಡಿದ ಲೀಡರ್ ಮನೆಯಾಗ ಇರ್ತಾನ, ಒಳಗ ಹೋಗುವವನು ಕೂಲಿಯವನ ಮಗ. ನಿನ್ನ ಜಾಮೀನಿಗೆ ಪಹಣಿ ಹಿಡಕೊಂಡು ಯಾವ ಲೀಡರೂ ಕೋರ್ಟಿಗೆ ಬರಲ್ಲ, ತಮ್ಮಾ.

3. ಯಾರನ್ನಾದರೂ ಠಾಣೆಗೆ ಕರೆದೊಯ್ದರೆ, ಅವರು ಯಾವ ಜಾತಿ ಧರ್ಮದವರೇ ಇರಲಿ, ಇಬ್ಬರು ಜೊತೆಗೆ ಹೋಗ್ರಿ. ಹೋದ ಹೊತ್ತು, ತಾರೀಖು ಚೀಟಿಯಲ್ಲಿ ಬರಕೊಳ್ರಿ. ಬಂಧನ ಆದರೆ ಬಂಧನದ ಜ್ಞಾಪನ ಬರೆಯಬೇಕು, ಮನೆಯವರ ಅಥವಾ ಊರಿನ ಒಬ್ಬರ ಸಹಿ ಬೇಕು. ಇದು 1996ರ ಡಿ.ಕೆ. ಬಸು ತೀರ್ಪಿನಿಂದ ಇರುವ ನಿಯಮ. ಯುಎಪಿಎ ಕೇಸಿನಲ್ಲೂ ಬಂಧನದ ಕಾರಣವನ್ನು ಬರೆದೇ ಕೊಡಬೇಕು ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳ್ಯದ. ಹೆಣ್ಣುಮಕ್ಕಳನ್ನು, 15 ವರ್ಷದೊಳಗಿನ ಹುಡುಗರನ್ನು ಸಾಕ್ಷಿ ವಿಚಾರಣೆಗೆ ಅಂತ ಠಾಣೆಗೆ ಕರೆಸುವಂತಿಲ್ಲ, ಅವರಿದ್ದಲ್ಲಿಗೇ ಬರಬೇಕು.

4. ಬಂಧಿತರ ಹೆಸರು, ವಿಳಾಸದ ಮಾಹಿತಿ ಇಡಲಿಕ್ಕೆ ಪ್ರತಿ ಠಾಣೆಯಲ್ಲಿ ಎಎಸ್‌ಐಗಿಂತ ಕಡಿಮೆ ಇಲ್ಲದ ಒಬ್ಬ ಅಧಿಕಾರಿ ಇರಬೇಕು, ಆ ಮಾಹಿತಿ ಜನರಿಗೆ ಕಾಣುವಂತೆ ಹಾಕಬೇಕು ಅಂತ ಹೊಸ ಕಾನೂನಿನಲ್ಲೇ ಅದ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು ಅಂತ 2020ರ ಡಿಸೆಂಬರ್ ತೀರ್ಪು ಅದ. ನಮ್ಮ ತಾಲೂಕಿನ ಠಾಣೆಗಳಲ್ಲಿ ಇವು ಹ್ಯಾಂಗ ನಡೆದಾವ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಅರ್ಜಿ ಬರೆದುಕೊಡೋದು ನನ್ನ ಜವಾಬ್ದಾರಿ, ಸಹಿ ಹಾಕಲಿಕ್ಕೆ ನೀವು ಬರ್ರಿ.

5. ಮುರ್ಕಿ ಘಟನೆ ಆದ ನಾಲ್ಕನೇ ದಿನ, 2018ರ ಜುಲೈ 17ರಂದು, ಗುಂಪು ಹತ್ಯೆ ತಡೆಯಲಿಕ್ಕೆ ಪ್ರತಿ ಜಿಲ್ಲೆಗೆ ಎಸ್‌ಪಿ ದರ್ಜೆಯ ನೋಡಲ್ ಅಧಿಕಾರಿ ಇರಬೇಕು ಅಂತ ಸುಪ್ರೀಂ ಕೋರ್ಟು ಆದೇಶ ಮಾಡಿತು. ಶಾಂತಿ ಸಭೆಗೆ ಕರೆದಾಗ ಚಹಾ ಕುಡಿದು ಬರಬ್ಯಾಡ್ರಿ. ಆ ಅಧಿಕಾರಿ ಯಾರು, ಫೋನ್ ನಂಬರ್ ಏನು ಅಂತ ಎಲ್ಲರ ಮುಂದೆ ಕೇಳ್ರಿ.

ಪೊಲೀಸ್ ಇಲಾಖೆಯಲ್ಲಿರುವ ನಮ್ಮ ತಮ್ಮಂದಿರಿಗೂ ಒಂದು ಮಾತು. ನಮ್ಮ ಕೇರಿಯಿಂದ ಓದಿ, ಓಡಿ, ಖಾಕಿ ಹಾಕಿದವರು ಈಗ ಬಹಳ ಮಂದಿ ಇದ್ದೀರಿ. ರಜೆ ಇಲ್ಲದ ಡ್ಯೂಟಿ, ಮೇಲಿನವರ ಬೈಗಳ, ಟಿವಿಯವರ ಒತ್ತಡ ಎಲ್ಲ ಗೊತ್ತದ. ಆದರೆ "ಯಾರನ್ನಾದರೂ ತಗೊಂಡು ಬಾ" ಅಂತ ಮೇಲಿಂದ ಹೇಳಿದಾಗ ನಿಮ್ಮ ಅಪ್ಪ ಯಾವ ಬೆಂಚಿನ ಮೇಲೆ ಕೂತಿದ್ದ ಅಂತ ನೆನಪು ಮಾಡಿಕೊಳ್ರಿ. ಡೈರಿಯಲ್ಲಿ ಖರೇ ತಾರೀಖು ಬರೀರಿ. ನೀವು ಬರೆದ ಆ ಒಂದು ಸಾಲು ಒಬ್ಬನ 22 ವರ್ಷ ಉಳಿಸಬಹುದು.

ಬೆಂಗಳೂರಿನ ಡಾಕ್ಟರ್ ಮೊಹಮ್ಮದ್ ಹನೀಫ್ ಅವರನ್ನು 2007ರ ಜುಲೈಯಲ್ಲಿ ಆಸ್ಟ್ರೇಲಿಯಾದವರು ಒಂದು ಸಿಮ್ ಕಾರ್ಡಿನ ನೆಪದಲ್ಲಿ ಭಯೋತ್ಪಾದಕ ಅಂತ ಹಿಡಿದಿದ್ದರು. ಒಂದು ತಿಂಗಳೊಳಗೆ ಆರೋಪ ಬಿದ್ದುಹೋಯ್ತು. ಆ ದೇಶ ವಿಚಾರಣಾ ಆಯೋಗ ಮಾಡಿತು, ತನ್ನ ತಪ್ಪು ಒಪ್ಪಿತು, 2010ರಲ್ಲಿ ಪರಿಹಾರ ಕೊಟ್ಟಿತು. ಒಂದು ತಿಂಗಳಿಗೆ ಅಷ್ಟು. ನಮ್ಮ ಕಲಬುರಗಿಯ 22 ವರ್ಷಕ್ಕೆ ಎಷ್ಟು? ತಪ್ಪಾಗಿ ಜೈಲಿನಲ್ಲಿಟ್ಟರೆ ಪರಿಹಾರ ಕೊಡಲೇಬೇಕು ಅನ್ನುವ ಕಾಯ್ದೆ ಈ ದೇಶದಾಗ ಬರಬೇಕು. ಸುಳ್ಳು ಕೇಸು ಕಟ್ಟಿದ ಅಧಿಕಾರಿಯ ಸಂಬಳದಿಂದ ಅದರ ಒಂದು ಪಾಲು ಹೋಗಬೇಕು. ನನ್ನ ಆಫೀಸಿನಾಗ ಕಡತ ಕಳೆದರೆ ನನ್ನ ಸಂಬಳದಾಗ ಹಿಡಿತಾರ. ಮನುಷ್ಯನನ್ನು ಕಳೆದವರಿಗೆ ಬಡ್ತಿ ಯಾಕ?

ಈ ಬೇಡಿಕೆಗಳನ್ನು ನಮ್ಮ ಸಂಘಟನೆಗಳು ತಮ್ಮ ನಿರ್ಣಯಗಳಲ್ಲಿ ಸೇರಿಸಬೇಕು ಅಂತ ನನ್ನ ವಿನಂತಿ. ಒಪ್ಪದವರು ವಾದ ಮಾಡ್ರಿ, ಬೈಗಳ ಬ್ಯಾಡ. ಒಪ್ಪಿದವರು ಲೈಕ್ ಒತ್ತಿ ಸುಮ್ಮನಾಗಬ್ಯಾಡ್ರಿ, ಮಾಹಿತಿ ಹಕ್ಕಿನ ಅರ್ಜಿಗೆ ಸಹಿ ಹಾಕಲಿಕ್ಕೆ ಬರುವ ಭಾನುವಾರ ಬರ್ರಿ.

ಜೈಭೀಮ್. ಜೈ ಸಂವಿಧಾನ.